ವಕೀಲರಿಲ್ಲದೆ ಮಕ್ಕಳ ಮಧ್ಯಂತರ ಜೀವನಾಂಶ: ತೊಗರಿ ಹೊಲದ ಆದಾಯವನ್ನು ಕೋರ್ಟಿಗೆ ತೋರಿಸುವುದು ಹೇಗೆ?

ಪ್ರಶ್ನೆ: ನನ್ನ ತವರು ಕಲಬುರಗಿ. ಸೇಡಂ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡನ ಹೊಡೆತ ತಾಳಲಾರದೆ ಒಂದೂವರೆ ವರ್ಷದಿಂದ ತವರಿನಲ್ಲೇ ಇದ್ದೇನೆ. ಮಗಳು ನಾಲ್ಕನೇ ತರಗತಿ, ಮಗ ಅಂಗನವಾಡಿಗೆ ಹೋಗುತ್ತಾನೆ. ಬ್ಲೌಸ್ ಹೊಲಿದು ತಿಂಗಳಿಗೆ ಐದಾರು ಸಾವಿರ ದುಡಿಯುತ್ತೇನೆ. ಗಂಡ ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ, ಬಿತ್ತನೆಗೆ ಮತ್ತು ರಾಶಿಗೆ ಊರಿಗೆ ಬರುತ್ತಾರೆ. ಐದು ಎಕರೆ ಹೊಲ ಮಾವನ ಹೆಸರಿನಲ್ಲಿದೆ. ರೊಕ್ಕ ಕೇಳಿದರೆ, ‘ನನ್ನ ಹೆಸರಿಗೆ ಗುಂಟೆ ಹೊಲ ಇಲ್ಲ, ಪಗಾರದ ಚೀಟಿ ಇಲ್ಲ, ಕೋರ್ಟಿಗೆ ಹೋದರೆ ಏನು ಸಿಗುತ್ತೆ? ಬೇಕಿದ್ದರೆ ಬಂದು ಮನೆಯಲ್ಲಿರು, ಮಕ್ಕಳನ್ನು ಸಾಕುತ್ತೇನೆ’ ಎನ್ನುತ್ತಾರೆ. ವಕೀಲರ ಫೀ ಕೊಡುವ ಶಕ್ತಿ ನನಗಿಲ್ಲ. ನಾನೇ ಅರ್ಜಿ ಹಾಕಬಹುದೇ? ಕೇಸು ಮುಗಿಯುವವರೆಗೆ ಮಕ್ಕಳಿಗೆ ತಿಂಗಳಿಗಿಷ್ಟು ಎಂದು ಸಿಗುತ್ತದೆಯೇ?
(ಓದುಗರು, ಕಲಬುರಗಿ)

ಉತ್ತರ: ನೀವೇ ಹಾಕಬಹುದು. ಕುಟುಂಬ ನ್ಯಾಯಾಲಯಗಳ ಕಾಯ್ದೆ 1984ರ 13ನೇ ಕಲಂ ಪ್ರಕಾರ ಆ ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಯಾರ ಹಕ್ಕೂ ಅಲ್ಲ. ನಿಮ್ಮ ಗಂಡ ವಕೀಲರ ಮೂಲಕ ವಾದಿಸಬೇಕೆಂದರೆ ನ್ಯಾಯಾಧೀಶರ ಅನುಮತಿ ಕೇಳಬೇಕು. ರೂಢಿಯಲ್ಲಿ ಆ ಅನುಮತಿ ಸಲೀಸಾಗಿ ಸಿಕ್ಕಿಬಿಡುತ್ತದೆ, ಅದು ಬೇರೆ ಮಾತು. ಆದರೆ ‘ವಕೀಲರನ್ನು ಕರೆದುಕೊಂಡು ಬಾರಮ್ಮ’ ಎಂದು ಕೌಂಟರಿನಲ್ಲಿ ಯಾರಾದರೂ ನಿಮ್ಮ ಅರ್ಜಿ ವಾಪಸು ಕೊಟ್ಟರೆ, ಅದಕ್ಕೆ ಕಾನೂನಿನ ಆಧಾರವಿಲ್ಲ. ಅರ್ಜಿ ಕನ್ನಡದಲ್ಲೇ ಇದ್ದರೂ ನಡೆಯುತ್ತದೆ.

ಮಧ್ಯಂತರ ಜೀವನಾಂಶವನ್ನು ಸ್ವಂತವಾಗಿ ನಡೆಸಬಹುದು ಎಂದು ನಾನು ಧೈರ್ಯವಾಗಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಈ ಹಂತದಲ್ಲಿ ಸಾಕ್ಷಿ, ಪಾಟೀಸವಾಲು ಇರುವುದಿಲ್ಲ. ನ್ಯಾಯಾಧೀಶರು ಎರಡೂ ಕಡೆಯ ಪ್ರಮಾಣಪತ್ರ ಮತ್ತು ಕಾಗದ ನೋಡಿ, ಸ್ವಲ್ಪ ಮಾತು ಕೇಳಿ, ಒಂದು ಮೊತ್ತ ನಿಗದಿ ಮಾಡುತ್ತಾರೆ. ಅಂದರೆ ಇಲ್ಲಿ ವಾದದ ಜಾಣತನಕ್ಕಿಂತ ಕಾಗದದ ಜೋಡಣೆ ಮುಖ್ಯ. ನಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳು ಸೋಲುವುದೂ ಇಲ್ಲೇ. ಅರ್ಜಿಯ ಹತ್ತು ಪುಟ ಹೊಡೆತ, ಬೈಗುಳ, ವರದಕ್ಷಿಣೆಯ ಕತೆಯಿಂದ ತುಂಬಿರುತ್ತದೆ. ಗಂಡನ ಆದಾಯಕ್ಕೆ ಮಾತ್ರ ಒಂದೇ ಸಾಲು: ‘ಎದುರುದಾರರು ತಿಂಗಳಿಗೆ ಒಂದು ಲಕ್ಷ ದುಡಿಯುತ್ತಾರೆ.’ ಕೋರ್ಟಿನ ಹೊರಗೆ ಟೈಪ್ ಮಾಡಿಸಿದ ಅರ್ಜಿಗಳಲ್ಲಿ ಈ ಒಂದು ಲಕ್ಷ ಎಲ್ಲರ ಗಂಡಂದಿರಿಗೂ ಬರುತ್ತದೆ! ನ್ಯಾಯಾಧೀಶರು ಅದನ್ನು ಓದಿ ಓದಿ ಬೇಸತ್ತಿರುತ್ತಾರೆ. ಹೊಡೆತದ ವಿಷಯ ಬರೆಯಲೇಬೇಕು, ಆದರೆ ಅದು ಅರ್ಧ ಪುಟ ಸಾಕು. ಉಳಿದ ಶ್ರಮ ಲೆಕ್ಕಕ್ಕಿರಲಿ.

ಯಾವ ಕಾನೂನು, ಯಾವ ಕೋರ್ಟು ಎಂಬುದನ್ನು ಬೇಗ ಮುಗಿಸುತ್ತೇನೆ. ಜೀವನಾಂಶಕ್ಕೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಂದು ಎಲ್ಲರೂ ಕರೆಯುವುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ನೀವು ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಗಂಡ ಹೈದರಾಬಾದಿನಲ್ಲಿದ್ದಾರೆಂದು ನೀವು ಅಲ್ಲಿಗೆ ಹೋಗಬೇಕಿಲ್ಲ. ಕಲಬುರಗಿಯಲ್ಲಿರುವ ನಿಮಗೆ ಇಲ್ಲಿನ ಕುಟುಂಬ ನ್ಯಾಯಾಲಯ. ತಾಲೂಕಿನಲ್ಲಿದ್ದು ಇದನ್ನು ಓದುತ್ತಿರುವವರು ತಮ್ಮ ಊರು ಕುಟುಂಬ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೆಯೇ ಎಂದು ಮೊದಲು ಕೇಳಿಕೊಳ್ಳಲಿ. ಬರದಿದ್ದರೆ ಆ ತಾಲೂಕಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲೇ ಇದೇ ಅರ್ಜಿ ನಡೆಯುತ್ತದೆ. ಧರ್ಮದ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಮುಸ್ಲಿಂ ಮಕ್ಕಳಿಗೂ ಈ ಕಲಂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿತ್ತು. ತಲಾಖ್ ಆದ ಮಹಿಳೆಗೂ ಹಕ್ಕಿದೆ ಎಂದು 2024ರ ಜುಲೈನಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಮದುವೆ ನೋಂದಣಿ ಆಗಿಲ್ಲ, ಮದುವೆಯೇ ಸಿಂಧುವಲ್ಲ ಎಂಬ ತಕರಾರುಗಳೂ ಮಗುವಿನ ಹಕ್ಕನ್ನು ಮುಟ್ಟಲಾರವು. ಗಂಡ ಈಗಾಗಲೇ ವಿಚ್ಛೇದನಕ್ಕೆ ಹಾಕಿದ್ದರೆ, ಅದೇ ಕೇಸಿನಲ್ಲಿ ಹಿಂದೂ ವಿವಾಹ ಕಾಯ್ದೆಯ 24 ಮತ್ತು 26ನೇ ಕಲಂಗಳಡಿ ಕೇಳುವ ದಾರಿಯೂ ಇದೆ. ಹೊಡೆತ ಇರುವುದರಿಂದ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಬಳಿಯೂ ಹೋಗಬಹುದು. ಎರಡು ಕಡೆ ಹಾಕಿದರೆ ಒಂದರ ವಿಷಯವನ್ನು ಇನ್ನೊಂದರಲ್ಲಿ ಹೇಳಲೇಬೇಕು, ಮುಚ್ಚಿಟ್ಟರೆ ನಿಮಗೇ ಮುಳುವಾಗುತ್ತದೆ. ನಿಮಗೆ ಸದ್ಯಕ್ಕೆ 144 ಒಂದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಈಗ ಕಾಗದಕ್ಕೆ ಬರೋಣ. ನೀವು ಮೂರು ಬರಹ ಸಿದ್ಧಪಡಿಸಬೇಕು. ಮೊದಲನೆಯದು ಮೂಲ ಅರ್ಜಿ. ಇದರಲ್ಲಿ ನೀವು ಒಂದನೇ ಅರ್ಜಿದಾರರು, ಮಗಳು ಎರಡನೆಯವಳು, ಮಗ ಮೂರನೆಯವನು. ಮಕ್ಕಳು ಅಲ್ಪವಯಸ್ಕರಾದ್ದರಿಂದ ‘ತಾಯಿಯ ಮುಖಾಂತರ’ ಎಂದು ಬರೆಯಬೇಕು. ಮಕ್ಕಳ ಹೆಸರು ಅರ್ಜಿದಾರರ ಸಾಲಿನಲ್ಲಿ ಇರಲೇಬೇಕು, ಏಕೆ ಎಂದು ಮುಂದೆ ಹೇಳುತ್ತೇನೆ. ಎರಡನೆಯದು ಮಧ್ಯಂತರ ಅರ್ಜಿ, ಕೋರ್ಟಿನವರು ಐ.ಎ. ಎನ್ನುತ್ತಾರೆ. ಇದಕ್ಕೆ ಒಂದು ಸಣ್ಣ ಪ್ರಮಾಣಪತ್ರ ಲಗತ್ತಿಸಬೇಕು. ಅನೇಕರು ಮೂಲ ಅರ್ಜಿ ಮಾತ್ರ ಹಾಕಿ, ಮಧ್ಯಂತರ ಆದೇಶ ತಾನಾಗಿಯೇ ಬರುತ್ತದೆಂದು ವರ್ಷಗಟ್ಟಲೆ ಕಾಯುತ್ತಾರೆ. ಬೇರೆ ಅರ್ಜಿಯಲ್ಲಿ ಕೇಳದೆ ಅದು ಬರುವುದಿಲ್ಲ. ಮೂರನೆಯದು ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ. ನಿಮ್ಮ ಕೇಸಿನ ಜೀವಾಳ ಇದೇ.

ಈ ಮೂರನೆಯದು ಬಂದದ್ದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಕೊಟ್ಟ ತೀರ್ಪಿನಿಂದ. ಗಂಡ, ಹೆಂಡತಿ ಇಬ್ಬರೂ ತಮ್ಮ ದುಡಿಮೆ, ಖರ್ಚು, ಆಸ್ತಿ, ಸಾಲವನ್ನು ನಿಗದಿತ ನಮೂನೆಯಲ್ಲಿ ಪ್ರಮಾಣ ಮಾಡಿ ಬರೆದುಕೊಡಬೇಕು. ನೀವು ಅರ್ಜಿಯ ಜೊತೆಗೇ ಕೊಡಬೇಕು. ಗಂಡ ನಾಲ್ಕು ವಾರದೊಳಗೆ ಕೊಡಬೇಕು. ಎರಡು ಅವಕಾಶ ಕೊಟ್ಟರೂ ಬೇಕೆಂದೇ ಎಳೆದಾಡಿದರೆ ಅವರ ಪ್ರತಿವಾದವನ್ನೇ ತೆಗೆದುಹಾಕುವ ಅಧಿಕಾರ ಕೋರ್ಟಿಗಿದೆ. ಈ ತೀರ್ಪು ಸರಿಯಾಗಿ ಪಾಲನೆಯಾಗುತ್ತಿಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ದೇಶದ ಎಲ್ಲ ಕೋರ್ಟುಗಳಿಗೆ ಮತ್ತೆ ಕಳಿಸಬೇಕಾಯಿತು. ಬಿಪಿಎಲ್ ಕುಟುಂಬದವರಿಗೆ, ಕೂಲಿಕಾರರಿಗೆ ಈ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ನಿಮ್ಮ ಬಳಿ ಬಿಪಿಎಲ್ ಕಾರ್ಡ್ ಇದ್ದರೂ ಆ ವಿನಾಯಿತಿ ತೆಗೆದುಕೊಳ್ಳಬೇಡಿ. ನೀವು ಲೆಕ್ಕ ಕೊಟ್ಟರೆ ಗಂಡನಿಂದಲೂ ಲೆಕ್ಕ ಕೇಳುವುದು ಸುಲಭ.

ನಮ್ಮ ಭಾಗದವರು ಗಮನಿಸದೆ ಬಿಡುವ ಒಂದು ಸಂಗತಿ ಇಲ್ಲಿದೆ. ಆ ತೀರ್ಪಿನ ಜೊತೆ ಒಂದೇ ನಮೂನೆ ಇಲ್ಲ. ಪಟ್ಟಣದ ನೌಕರಿ, ವ್ಯಾಪಾರದವರಿಗೆ ಒಂದು, ಬೇಸಾಯದವರಿಗೆ ಇನ್ನೊಂದು. ಜೆರಾಕ್ಸ್ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಮೊದಲನೆಯದು. ಅದರಲ್ಲಿ ಪಗಾರ, ಪಿಎಫ್, ಷೇರು, ಕ್ರೆಡಿಟ್ ಕಾರ್ಡು ಎಂದು ಪುಟಗಟ್ಟಲೆ ಕಾಲಂ ಇವೆ, ನಿಮ್ಮ ಗಂಡ ಎಲ್ಲದಕ್ಕೂ ‘ಇಲ್ಲ’ ಎಂದು ಬರೆದು ಸತ್ಯವಂತರಾಗಿಬಿಡುತ್ತಾರೆ. ಬೇಸಾಯದ ನಮೂನೆಯಲ್ಲಿ ಕೇಳುವುದೇ ಬೇರೆ: ಒಟ್ಟು ಜಮೀನು ಎಷ್ಟು ಅಥವಾ ಅದರಲ್ಲಿ ನಿಮ್ಮ ಪಾಲೆಷ್ಟು, ಖುಷ್ಕಿಯೋ ನೀರಾವರಿಯೋ, ಏನು ಬೆಳೆ, ಹಿಂದಿನ ಮೂರು ವರ್ಷದ ಆದಾಯ ಎಷ್ಟು, ಲಾವಣಿಗೆ (ಗುತ್ತಿಗೆಗೆ) ಹಿಡಿದ ಹೊಲ ಇದೆಯೇ, ಎಮ್ಮೆ ಆಕಳು ಆಡು ಎಷ್ಟು, ಹೊಲದ ಮೇಲೆ ಸಾಲವಿದೆಯೇ. ‘ಪಾಲು’ ಎಂಬ ಮಾತು ಅಲ್ಲಿರುವುದನ್ನು ನೋಡಿ. ‘ನನ್ನ ಹೆಸರಿಗೆ ಗುಂಟೆ ಇಲ್ಲ’ ಎಂಬ ಉತ್ತರ ಅಲ್ಲಿಗೆ ಸಾಲದು. ಎದುರುದಾರರು ಬೇಸಾಯಗಾರರ ನಮೂನೆಯಲ್ಲೂ ಪ್ರಮಾಣಪತ್ರ ಸಲ್ಲಿಸುವಂತೆ ಆದೇಶಿಸಬೇಕು ಎಂದು ಮಧ್ಯಂತರ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ.

ಅವರು ಬರೆಯುವ ಮೊದಲೇ ನೀವು ಲೆಕ್ಕ ಇಡಬೇಕು. ಮಾವನ ಹೆಸರಿನ ಪಹಣಿ ತೆಗೆಸಿ. ಭೂಮಿ ಆನ್‌ಲೈನಿನಲ್ಲೂ ಸಿಗುತ್ತದೆ, ನಾಡಕಚೇರಿಯಲ್ಲೂ ಸಿಗುತ್ತದೆ. ಸರ್ವೆ ನಂಬರು ಗೊತ್ತಿದ್ದರೆ ಸಾಕು, ಗಂಡನ ಮನೆಯವರನ್ನು ಕೇಳಬೇಕಿಲ್ಲ. ಅದರಲ್ಲಿ ಎರಡು ಕಡೆ ಕಣ್ಣಿಡಿ. ಹೊಲ ಮಾವನಿಗೆ ಹೇಗೆ ಬಂತು ಎಂಬ ಅಂಕಣದಲ್ಲಿ ಪೌತಿಯಿಂದ, ಅಂದರೆ ಹಿರಿಯರಿಂದ ಬಂದದ್ದೆಂದು ಇದ್ದರೆ, ಅದು ಪಿತ್ರಾರ್ಜಿತ, ಅದರಲ್ಲಿ ಮಗನಾದ ನಿಮ್ಮ ಗಂಡನಿಗೂ ಪಾಲಿದೆ ಎಂದು ವಾದಿಸಲು ಅವಕಾಶವಿದೆ. ಕ್ರಯದಿಂದ ಎಂದಿದ್ದರೆ ಪಾಲಿನ ಮಾತು ಬಿಡಿ. ಉತ್ತವರು ಯಾರು, ಬಂದ ರೊಕ್ಕ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಹಿಡಿಯಿರಿ. ಆಸ್ತಿ ಯಾರದೆಂದು ತೀರ್ಮಾನಿಸುವ ಕೇಸು ಇದಲ್ಲ, ಇಲ್ಲಿ ನೋಡುವುದು ಅವರಿಗೆ ಬರುವ ಆದಾಯ. ಇನ್ನೊಂದು ಬೆಳೆಯ ಅಂಕಣ. ತೊಗರಿ, ಹೆಸರು, ಜೋಳ ಎಂದು ಅಲ್ಲಿ ದಾಖಲಾಗಿರುತ್ತದೆ.

ಲೆಕ್ಕವನ್ನು ಹೀಗೆ ಬರೆಯಿರಿ: ಒಣಬೇಸಾಯದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ತೊಗರಿ ಎಂದು ಹಿಡಿದರೆ ಐದು ಎಕರೆಗೆ 20 ಕ್ವಿಂಟಲ್. 2025-26ಕ್ಕೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ, ಒಟ್ಟು 1,60,000. ಬೀಜ, ಗೊಬ್ಬರ, ಔಷಧಿ, ಆಳು, ರಾಶಿ ಯಂತ್ರಕ್ಕೆ ಅರ್ಧ ಹೋಯಿತು ಎಂದರೂ 80,000 ಉಳಿಯುತ್ತದೆ, ತಿಂಗಳಿಗೆ ಆರೂವರೆ ಸಾವಿರದ ಮೇಲೆ. ನಿಮ್ಮ ಹೊಲದ ಇಳುವರಿ ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ನೆಟೆರೋಗ ಬಿದ್ದ ವರ್ಷವೂ ಗೊತ್ತು; ಇದ್ದದ್ದನ್ನೇ ಬರೆಯಿರಿ. ಮಾಲು ಅಡತಿಗೆ (ದಲ್ಲಾಳಿ ಅಂಗಡಿಗೆ) ಹಾಕಿದ್ದರೆ ಅಲ್ಲಿ ಕೊಟ್ಟ ಪಟ್ಟಿಯ ಫೋಟೋ ನಿಮ್ಮ ಮೊಬೈಲಿನಲ್ಲಿ ಹಳೆಯದೊಂದು ಇದ್ದರೂ ಸಾಕು. ಇಲ್ಲದಿದ್ದರೆ ಅಡತಿ ಅಂಗಡಿಯ ಹೆಸರು, ಕಲಬುರಗಿ ಎಪಿಎಂಸಿಯೋ ಸೇಡಂನದೋ ಎಂದು ಬರೆದು, ದಾಖಲೆ ತರಿಸಬೇಕೆಂದು ಅದೇ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅಡಿ ಕೋರ್ಟನ್ನು ಕೇಳಬಹುದು. ಪಿಎಂ ಕಿಸಾನ್ ಕಂತು, ಬೆಳೆ ವಿಮೆ, ಬೆಳೆ ಸಾಲ ಯಾರ ಖಾತೆಯ ಮೂಲಕ ಓಡಾಡುತ್ತವೆ ಎಂಬುದೂ ಮುಖ್ಯ.

ಇದರ ಮೇಲೆ ಸೆಂಟ್ರಿಂಗ್ ಕೂಲಿ. ದಿನಕ್ಕೆ ಎಷ್ಟು ನಡೆಯುತ್ತಿದೆ ಎಂದು ಅವರ ಜೊತೆ ಹೋಗುವ ಊರಿನ ಹುಡುಗರಿಗೆ ಗೊತ್ತಿರುತ್ತದೆ. ಯಾರೂ ಬಾಯಿ ಬಿಡದಿದ್ದರೆ ಸರ್ಕಾರ ಪ್ರಕಟಿಸುವ ಕನಿಷ್ಠ ವೇತನದ ದರವನ್ನು ಆಧಾರ ಮಾಡಿಕೊಂಡು, ತಿಂಗಳಿಗೆ ಇಪ್ಪತ್ತು ದಿನದ ಕೆಲಸ ಎಂದು ಗುಣಿಸಿ. ಗಂಡ ಈ ಹಿಂದೆ ಫೋನ್‌ಪೇಯಲ್ಲಿ ನಿಮಗೆ ರೊಕ್ಕ ಹಾಕಿದ್ದರೆ ಆ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಅಂದು ಎಂಟು ಸಾವಿರ ಕಳಿಸುತ್ತಿದ್ದವರು ಇಂದು ‘ಏನೂ ಇಲ್ಲ’ ಎಂದರೆ ಆ ಕಾಗದವೇ ಮಾತಾಡುತ್ತದೆ. ಇಷ್ಟರ ಮೇಲೂ ಕೆಲಸವೇ ಇಲ್ಲ ಎನ್ನುತ್ತಾರಾ? ಗಟ್ಟಿಮುಟ್ಟಾದ ಗಂಡಸು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರ ಅಂಜು ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಿಮ್ಮ ಹೊಲಿಗೆಯ ಆದಾಯವನ್ನು ಮುಚ್ಚಿಡಬೇಡಿ. ಐದಾರು ಸಾವಿರ ದುಡಿಯುವುದರಿಂದ ಮಕ್ಕಳ ಹಕ್ಕು ಹೋಗುವುದಿಲ್ಲ. ಸುಳ್ಳು ಪ್ರಮಾಣ ಮಾಡಿ ಸಿಕ್ಕಿಬಿದ್ದರೆ ಮಾತ್ರ ನಿಮ್ಮ ಉಳಿದ ಮಾತೂ ಹಗುರವಾಗುತ್ತದೆ.

ಖರ್ಚಿನ ಪಟ್ಟಿಯನ್ನು ಮಗುವಾರು ಮಾಡಿ. ಮಗಳಿಗೆ ಶಾಲೆಯ ಖರ್ಚು, ಆಟೋ, ನೋಟುಬುಕ್ಕು, ಟ್ಯೂಷನ್. ಮಗನಿಗೆ ಹಾಲು, ಔಷಧಿ, ಬಟ್ಟೆ. ಇಬ್ಬರ ಪಾಲಿನ ದಿನಸಿ, ಬಾಡಿಗೆ, ಕರೆಂಟು. ಬಿಲ್ಲು ಇದ್ದಲ್ಲಿ ಬಿಲ್ಲು, ಇಲ್ಲದಲ್ಲಿ ಅಂದಾಜು ಎಂದು ಪ್ರಾಮಾಣಿಕವಾಗಿ ಬರೆಯಿರಿ. ಕೊನೆಗೆ ‘ಎರಡನೇ ಅರ್ಜಿದಾರಳಿಗೆ ಇಷ್ಟು, ಮೂರನೇ ಅರ್ಜಿದಾರನಿಗೆ ಇಷ್ಟು’ ಎಂದು ಪ್ರತ್ಯೇಕವಾಗಿ ಕೇಳಿ. ನಿಮಗೆಂದು ಕೇಳುವ ಮೊತ್ತ ಬೇರೆ ಇರಲಿ. ಸಂಬಳದ ಶೇಕಡಾ 25 ಸಿಕ್ಕೇ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅಂಥ ಗಟ್ಟಿ ಸೂತ್ರ ಯಾವುದೂ ಇಲ್ಲ.

ಹೀಗೆ ಬೇರೆ ಬೇರೆ ಕೇಳಲು ಹೇಳಿದ್ದಕ್ಕೂ ನಿಮ್ಮ ಗಂಡನ ‘ಬಂದು ಮನೆಯಲ್ಲಿರು’ ಎಂಬ ಮಾತಿಗೂ ಸಂಬಂಧವಿದೆ. ಸಕಾರಣವಿಲ್ಲದೆ ಗಂಡನೊಡನೆ ಇರಲು ಒಪ್ಪದ ಹೆಂಡತಿಗೆ ಜೀವನಾಂಶ ನಿರಾಕರಿಸಬಹುದು ಎಂಬ ನಿಯಮ ಇದೇ ಕಲಮಿನಲ್ಲಿದೆ. ಹೊಡೆತ ಖಂಡಿತ ಸಕಾರಣವೇ. ಆಸ್ಪತ್ರೆ ಚೀಟಿಯೋ ಠಾಣೆಯ ದೂರೋ ಇದ್ದರೆ ಲಗತ್ತಿಸಿ. ಗಂಡ ‘ಬಂದು ಬಾಳು’ ಎಂಬ ಡಿಕ್ರಿ ತಂದರೂ ಅಷ್ಟಕ್ಕೇ ಹೆಂಡತಿಯ ಹಕ್ಕು ಹೋಗದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಆ ವಾದ ನಡೆಯಲು ಸಮಯ ಬೇಕು. ಮಕ್ಕಳ ವಿಷಯದಲ್ಲಿ ಆ ನಿಯಮವೇ ಇಲ್ಲ. ತಾಯಿ ಎಲ್ಲಿದ್ದಾಳೆ, ಏಕೆ ಬಂದಳು ಎಂಬುದಕ್ಕೂ ಮಗುವಿನ ಊಟಕ್ಕೂ ಸಂಬಂಧ ಕಲ್ಪಿಸುವಂತಿಲ್ಲ. ನಿಮ್ಮ ಪಾಲಿಗೆ ತಕರಾರು ಎದ್ದರೂ ಮಕ್ಕಳ ಆದೇಶ ನಿಲ್ಲಬಾರದು, ಅದಕ್ಕಾಗಿಯೇ ಅವರ ಹೆಸರು ಬೇರೆ, ಮೊತ್ತ ಬೇರೆ.

ಅರ್ಜಿಯ ಜೊತೆ ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಎಲ್ಲರ ಆಧಾರ್, ಮದುವೆಯ ಫೋಟೋ ಅಥವಾ ಲಗ್ನಪತ್ರಿಕೆ, ಗಂಡನ ಮನೆಯ ರೇಷನ್ ಕಾರ್ಡಿನಲ್ಲಿ ಮಕ್ಕಳ ಹೆಸರಿದ್ದರೆ ಅದರ ಪ್ರತಿ ಇಡಿ. ಪುಟಕ್ಕೆ ನಂಬರು ಹಾಕಿ, ಕೋರ್ಟಿಗೊಂದು, ಎದುರುದಾರರಿಗೊಂದು, ನಿಮಗೊಂದು ಸೆಟ್ ಮಾಡಿ. ಪ್ರಮಾಣಪತ್ರವನ್ನು ನೋಟರಿ ಮುಂದೆ ಸಹಿ ಮಾಡಬೇಕು. ಕೋರ್ಟಿಗೆ ಹಾಕುವ ಪ್ರಮಾಣಪತ್ರಕ್ಕೆ ಬಾಂಡ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಸಾಕು. ಬಾಂಡಿನ ಹೆಸರಲ್ಲಿ ರೊಕ್ಕ ಕಳೆದುಕೊಳ್ಳಬೇಡಿ. ಕೋರ್ಟ್ ಫೀ ಸ್ಟಾಂಪಿನ ಖರ್ಚು ಅಲ್ಪ. ನೋಂದಣಿಯಾದ ಮೇಲೆ ಕೇಸಿನ ಗುರುತಾದ 16 ಅಂಕಿ ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ಮುದ್ದತ್ತು (ವಿಚಾರಣೆಯ ದಿನ) ಯಾವತ್ತು ಎಂಬುದು ಮನೆಯಲ್ಲೇ ತಿಳಿಯುತ್ತದೆ.

ನೋಟಿಸು ಜಾರಿಯಾದ 60 ದಿನದೊಳಗೆ ಮಧ್ಯಂತರ ಅರ್ಜಿಯನ್ನು ಸಾಧ್ಯವಾದಷ್ಟು ಮಟ್ಟಿಗೆ ಇತ್ಯರ್ಥ ಮಾಡಬೇಕು ಎಂದು ಕಾನೂನು ಹೇಳುತ್ತದೆ. ಎಣಿಕೆ ಶುರುವಾಗುವುದು ಜಾರಿಯಾದ ದಿನದಿಂದ, ಎಳೆದಾಟ ನಡೆಯುವುದು ಆ ಜಾರಿಯಲ್ಲೇ. ಆದ್ದರಿಂದ ಹಳ್ಳಿಯ ವಿಳಾಸ, ಹೈದರಾಬಾದಿನ ಖೋಲಿಯ ವಿಳಾಸ, ಮೇಸ್ತ್ರಿಯ ಹೆಸರು, ಫೋನ್ ನಂಬರು ಎಲ್ಲ ಕೊಡಿ. ಪೊಲೀಸ್ ಠಾಣೆಯ ಮುಖಾಂತರವೂ ಜಾರಿ ಮಾಡಿಸಿ ಎಂದು ಕೇಳಿ. ಬೇಕೆಂದೇ ತಪ್ಪಿಸಿಕೊಂಡರೆ ಏಕಪಕ್ಷೀಯವಾಗಿ ಮುಂದುವರಿಯಲು ಅವಕಾಶವಿದೆ. ನೀವು ಮಾತ್ರ ಒಂದು ಮುದ್ದತ್ತನ್ನೂ ತಪ್ಪಿಸಬೇಡಿ. ತಡವಾದರೂ ನಷ್ಟವಿಲ್ಲದಂತೆ ಒಂದು ರಕ್ಷಣೆ ಇದೆ: ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕೆಂದು ರಜನೇಶ್ ತೀರ್ಪು ಹೇಳಿದೆ. ನೀವು ಕಳೆದ ಒಂದೂವರೆ ವರ್ಷದ್ದು ಹೋಯಿತು, ಅದು ಬರುವುದಿಲ್ಲ. ಎಲ್ಲ ಕಾಗದ ಕೂಡಿಬರಲಿ ಎಂದು ಇನ್ನೂ ಮೂರು ತಿಂಗಳು ಕಾದರೆ ಆ ಮೂರು ತಿಂಗಳೂ ಹಾಗೆಯೇ. ಇರುವ ಕಾಗದದಲ್ಲೇ ಹಾಕಿ, ಉಳಿದದ್ದನ್ನು ಮೆಮೋ ಮೂಲಕ ಆಮೇಲೆ ಕೊಡಬಹುದು.

ಮೊದಲ ಒಂದೆರಡು ಮುದ್ದತ್ತಿನಲ್ಲಿ ಆಪ್ತ ಸಮಾಲೋಚಕರ ಬಳಿ ಕಳಿಸುತ್ತಾರೆ, ರಾಜಿಗೆ ಪ್ರಯತ್ನಿಸುವುದು ಆ ಕೋರ್ಟಿನ ಕರ್ತವ್ಯ. ಹೋಗಿ, ಮಾತಾಡಿ. ಊರಿನ ಹಿರಿಯರು ಕೂತು ‘ಒಂದೇ ಸಲ ಇಷ್ಟು ತಗೊಂಡು ಬರೆದುಕೊಡು’ ಎಂದರೆ ಮಕ್ಕಳ ಪಾಲಿಗೆ ಸಹಿ ಹಾಕಬೇಡಿ. ಅವರ ಹಕ್ಕನ್ನು ಬಿಟ್ಟುಕೊಡುವುದು ನಿಮ್ಮ ಕೈಯಲ್ಲಿಲ್ಲ. ಇನ್ನು ‘ಕೇಸು ಹಾಕಿದರೆ ಮಕ್ಕಳನ್ನು ಕಸಿದುಕೊಳ್ಳುತ್ತೇನೆ’ ಎಂದು ಹೆದರಿಸಿದರೆ, ಇದು ಪಾಲನೆಯ ಕೇಸಲ್ಲ. ಅದಕ್ಕೆ ಅವರು ಬೇರೆ ಅರ್ಜಿ ಹಾಕಬೇಕು, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆಂಬುದು ಹಿಂದೂ ಕಾನೂನಿನ ನಿಯಮ.

ಒಂದು ಮಾತು ವಕೀಲರ ಬಗ್ಗೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಪುಟದ ಅರ್ಜಿ ಕೊಟ್ಟರೆ ಸಾಕು, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಅವರ ಫೀ ಪ್ರಾಧಿಕಾರವೇ ಕೊಡುತ್ತದೆ, ನಿಮ್ಮಿಂದ ರೊಕ್ಕ ಕೇಳಿದರೆ ಅಲ್ಲಿನ ಕಾರ್ಯದರ್ಶಿಗೆ ದೂರು ಕೊಡಿ. ಮಧ್ಯಂತರ ಹಂತವನ್ನು ನೀವೇ ನಡೆಸಿ. ಮೂಲ ಅರ್ಜಿ ಸಾಕ್ಷಿಗೆ ಬಂದಾಗ, ಎದುರು ವಕೀಲರು ಪಾಟೀಸವಾಲಿಗೆ ನಿಂತಾಗ, ಉಚಿತ ವಕೀಲರನ್ನು ಪಡೆಯಿರಿ. ಆ ಹಂತವನ್ನು ಒಬ್ಬರೇ ಎದುರಿಸಿ ಎಂದು ನಾನು ಹೇಳಲಾರೆ. ಮೇಲಿನ ಕೋರ್ಟಿಗೆ ಹೋಗುವ ಪ್ರಸಂಗ ಬಂದರೂ ಬೆಂಗಳೂರು ಬೇಡ, ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇದೆ.

ಆದೇಶದಲ್ಲಿ ನಿಮ್ಮ ಬ್ಯಾಂಕ್ ಖಾತೆಯ ಸಂಖ್ಯೆ ಮತ್ತು ಪ್ರತಿ ತಿಂಗಳು ಇಂಥ ತಾರೀಖಿನೊಳಗೆ ಎಂಬುದು ಬರುವಂತೆ ಕೇಳಿಕೊಳ್ಳಿ. ಕೈಗೆ ಕೊಟ್ಟೆ ಎಂಬ ಮಾತಿಗೆ ಆಗ ಜಾಗವಿರುವುದಿಲ್ಲ. ಕೊಡದಿದ್ದರೆ ವಸೂಲಿ ಅರ್ಜಿ ಹಾಕಬೇಕು. ಇದಕ್ಕೆ ಗಡುವಿದೆ: ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಕೇಳದಿದ್ದರೆ ಆ ತಿಂಗಳ ಮೊತ್ತಕ್ಕೆ ವಾರಂಟ್ ಸಿಗುವುದಿಲ್ಲ. ಐದಾರು ತಿಂಗಳ ಬಾಕಿ ಸೇರಿದ ಕೂಡಲೇ ಹಾಕುವುದು ಒಳ್ಳೆಯದು. ಕೋರ್ಟು ಮೊದಲು ದಂಡ ವಸೂಲಿಯ ರೀತಿಯಲ್ಲಿ ವಾರಂಟ್ ಕಳಿಸುತ್ತದೆ; ಆಮೇಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲು ಮಾಡುವ ದಾರಿಯೂ ಇದೆ, ಆದರೆ ಹೊಲ ಮಾವನ ಹೆಸರಿನಲ್ಲಿರುವವರೆಗೆ ಅದು ನಿಮಗೆ ಸುಲಭವಲ್ಲ. ನಿಮ್ಮ ವಿಷಯದಲ್ಲಿ ನಾನಾದರೆ ವಸೂಲಿ ಅರ್ಜಿಯನ್ನು ದಸರೆಯ ಹೊತ್ತಿಗೆ ಹಾಕುತ್ತಿದ್ದೆ. ಹೈದರಾಬಾದಿನಲ್ಲಿ ಹುಡುಕಿದರೆ ಸಿಗದವರು ಡಿಸೆಂಬರ್-ಜನವರಿಯ ತೊಗರಿ ರಾಶಿಗೆ ಊರಿಗೆ ಬಂದೇ ಬರುತ್ತಾರೆ. ಅಷ್ಟರಲ್ಲಿ ವಾರಂಟ್ ಅವರ ಊರಿನ ಠಾಣೆಗೆ ಮುಟ್ಟಿರಬೇಕು, ಮಾಲು ಮಾರಿದ ರೊಕ್ಕವೂ ಆಗ ಅವರ ಕೈಯಲ್ಲಿರುತ್ತದೆ.